ಹಳದಿ ಎಸ್ಟೀಮಿನ ಎಂಟು ಬೆಸುಗೆ

2025ರ ಜನವರಿ 15, ಬುಧವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ವಡೋದರದ ಫತೇಗಂಜ್ ಪೊಲೀಸ್ ಠಾಣೆಗೆ ತಾಯಿ ಮಗಳಿಬ್ಬರು ಬಂದರು. ಗಾಳಿಪಟದ ಹಬ್ಬವಾದ ಉತ್ತರಾಯಣದ ಮಾರನೆಯ ದಿನ ಅದು. ಊರು ಇನ್ನೂ ಮಾಳಿಗೆ ಬಿಟ್ಟು ಇಳಿದಿರಲಿಲ್ಲ. ಠಾಣೆಯ ಅಂಗಳದ ಬೇವಿನ ಮರದಲ್ಲಿ ಏಳೆಂಟು ಗಾಳಿಪಟಗಳು ಸಿಕ್ಕಿಕೊಂಡು ಪಟಪಟ ಅನ್ನುತ್ತಿದ್ದವು. ಹೆಡ್ ಕಾನ್‌ಸ್ಟೇಬಲ್ ರಮಣಭಾಯ್ ರಾಠ್ವಾನ ತೋರುಬೆರಳನ್ನು ಗಾಜುಪುಡಿ ಬಳಿದ ಮಾಂಜಾ ದಾರ ಕೊಯ್ದಿತ್ತು, ಅದಕ್ಕೆ ಬಟ್ಟೆ ಸುತ್ತಿತ್ತು. ಅದರಲ್ಲೇ ಪೆನ್ನು ಹಿಡಿದು ಕೂತಿದ್ದ.

"ಏನು ಕಳವಾಯ್ತು?"

"ಕಾರು," ಎಂದರು ತಾಯಿ. "ಹಳದಿ ಎಸ್ಟೀಮ್. 1999ರ ಮಾಡೆಲ್."

"ಇಪ್ಪತ್ತಾರು ವರ್ಷದ ಗಾಡಿನಾ?" ರಮಣಭಾಯ್ ಪೆನ್ನು ಕೆಳಗಿಟ್ಟ. "ಬೆನ್, ಅದನ್ನ ಕದ್ದವನ ಮೇಲೆ ನಂಗೇ ಕರುಣೆ ಬರ್ತದೆ."

ಇನ್‌ಸ್ಪೆಕ್ಟರ್ ಮಹೇಶ್ ಹೆಬ್ಬಳ್ಳಿ ಒಳಗಿನ ಕೋಣೆಯಿಂದ ಇದನ್ನು ಕೇಳಿದರು. ತಾಯಿ ಮಗಳ ಕಡೆ ತಿರುಗಿ "ನೀನು ಸುಮ್ನಿರೇ ಮಹಿಮಾ, ನಾನು ಹೇಳ್ತೀನಿ" ಅಂದದ್ದೂ ಕೇಳಿಸಿತು. ಹೆಬ್ಬಳ್ಳಿಯವರ ತಂದೆ ಹುಬ್ಬಳ್ಳಿಯಿಂದ ರೈಲ್ವೆ ಕೆಲಸಕ್ಕೆ ಬಂದು ವಡೋದರದಲ್ಲೇ ನಿಂತವರು. ಮಗನಿಗೆ ಕನ್ನಡ ಓದಲು ಬಾರದು, ಆಡಲು ಬರುತ್ತದೆ.

"ಒಳಗ ಬರ್ರಿ," ಎಂದರು ಅವರು. "ಕನ್ನಡದಾಗ ಹೇಳ್ರಿ. ಬರ್ಕೊಳ್ಳೋದು ಗುಜರಾತಿಯಾಗ ಬರ್ಕೊಂತೀನಿ."

ದೂರುದಾರರ ಹೆಸರು ರಜನಿ, ವಯಸ್ಸು 46, ಬ್ಯಾಂಕಿನಲ್ಲಿ ಅಧಿಕಾರಿ, ಊರು ದಾವಣಗೆರೆ. ವರ್ಗವಾಗಿ ವಡೋದರಕ್ಕೆ ಬಂದು ಮೂರು ವರ್ಷ. ಗಂಡ ರಾಮಕೃಷ್ಣ ವಿಮಾ ಕಚೇರಿಯ ಕೆಲಸದಲ್ಲಿ ಅಹಮದಾಬಾದಿನಲ್ಲಿದ್ದಾರೆ. ಮಗಳು ಮಹಿಮಾ, ವಯಸ್ಸು 19, ಅಲ್ಲೇ ನವರಂಗಪುರದ ಕಾಲೇಜಿನಲ್ಲಿ ಓದುತ್ತಾಳೆ. ಹಬ್ಬಕ್ಕೆ ಬಂದಿದ್ದಳು.

"ಆ ಗಾಡಿ ಇಟ್ಕೊಂಡು ಏನ್ ಮಾಡ್ತಿದ್ರಿ?"

"ರ್‍ಯಾಲಿಗೆ ಅಂತ, ಕಾರು ಓಟದ ಸ್ಪರ್ಧೆಗೆ, ಕಟ್ಟಿದ್ದೆ ಸರ್. ಗುಜರಿಯಿಂದ ತಂದು, ಎರಡು ವರ್ಷ, ಪ್ರತಿ ಭಾನುವಾರ. ಎಂಜಿನ್ ಇಳಿಸಿ ಕಟ್ಟಿದೀವಿ. ಸಸ್ಪೆನ್ಷನ್ ಬದಲಾಯಿಸಿದೀವಿ. ಒಳಗಿನ ಗಾದಿ ಗೀದಿ ಎಲ್ಲ ಕಿತ್ತು ಪಂಜರ ಹಾಕ್ಸಿದೀವಿ."

"ಪಂಜರ?"

"ಉಕ್ಕಿನ ಕೊಳವೆ ಬಗ್ಗಿಸಿ ಬೆಸುಗೆ ಹಾಕಿದ ಚೌಕಟ್ಟು. ಕಾರು ಮಗುಚಿದ್ರೆ ಮಾಡು ಕುಸಿದು ನಮ್ಮ ತಲೆ ಮೇಲೆ ಕೂರಬಾರದು ಅಂತ. ಅದಿಲ್ಲದೆ ಟ್ರ್ಯಾಕಿಗೆ ಬಿಡಲ್ಲ." ರಜನಿ ಒಂದು ಗುಟುಕು ನೀರು ಕುಡಿದರು. "ಭಾನುವಾರ ಹಾಲೋಲಿನ ಹತ್ರ ಹವ್ಯಾಸಿಗಳ ರ್‍ಯಾಲಿ ಇದೆ ಸರ್. ನಾನು ಓಡಿಸೋದು, ಇವಳು ಪಕ್ಕದಲ್ಲಿ ಕೂತು ದಾರಿ ಹೇಳೋದು. ಮುಂದಿನ ತಿಂಗಳು ನಂಗೆ ಗುವಾಹಟಿಗೆ ವರ್ಗ. ಇದು ತಪ್ಪಿದ್ರೆ ಆ ಕಾರು ಒಂದೇ ಒಂದು ಸಲವೂ ಓಡಿದಂಗಾಗಲ್ಲ."

"ಕಳವಾದದ್ದು ಯಾವಾಗ ನೋಡಿದ್ರಿ?"

ಮಹಿಮಾ ಬಾಯಿ ಹಾಕಿದಳು. "ಇವತ್ತು ಬೆಳಿಗ್ಗೆ ಅಂಕಲ್. ಮಮ್ಮಿ ರೂಲ್ ಮಾಡಿದಾಳೆ, ಗಾಡಿ ರೆಡಿ ಆದ್ಮೇಲೆ ಶನಿವಾರದವರೆಗೂ ಶೆಡ್ಡು ಓಪನ್ ಮಾಡೋ ಹಾಗಿಲ್ಲ. ಬಟ್ ನನ್ನ ಗ್ಲೌಸ್ ಒಳಗೆ ಇತ್ತು. ಹೋದೆ. ಗಾಡಿ ಹೀ ನಹೀಂ."

"'ಮಾಡಿದಾಳೆ' ಅಂದ್ರ ಯಾರು?"

"ಮಮ್ಮಿ."

"ತಾಯಿಗೆ 'ಮಾಡಿದಾರೆ' ಅನ್ಬೇಕವ್ವ," ಎಂದು ಹೆಬ್ಬಳ್ಳಿ ಬರೆಯುತ್ತಲೇ ತಿದ್ದಿದರು.

10 ಗಂಟೆ 25 ನಿಮಿಷಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಳವಿನ ಕಲಮಿನಡಿ ಎಫ್‌ಐಆರ್ ದಾಖಲಾಯಿತು.

11 ಗಂಟೆ 15ಕ್ಕೆ ಸ್ಥಳ ಪಂಚನಾಮೆ. ರಜನಿಯವರ ಬಾಡಿಗೆ ಮನೆಯ ಹಿಂದೆ ತಗಡಿನ ಶೆಡ್ಡು, ಅದರ ಬಾಗಿಲು ಹಿಂದಿನ ಓಣಿಗೆ. ಮಹಿಳಾ ಕಾನ್‌ಸ್ಟೇಬಲ್ ಜಾಗೃತಿಬೆನ್ ಪರ್ಮಾರ್ ಮೊಬೈಲಿನಲ್ಲಿ ಎಲ್ಲವನ್ನೂ ವಿಡಿಯೊ ಮಾಡಿದಳು. ಬೀಗ ಮುರಿದಿರಲಿಲ್ಲ. ಕಳ್ಳ ಅದನ್ನು ಕೀಲಿಯಿಂದಲೇ ತೆಗೆದು, ಹೋಗುವಾಗ ಮತ್ತೆ ಹಾಕಿಕೊಂಡು ಹೋಗಿದ್ದ. ಒಂದು ಕೀಲಿ ಕರೆಂಟು ಮೀಟರಿನ ಹಿಂದಿನ ಮೊಳೆಯಲ್ಲಿ ಯಾವಾಗಲೂ ನೇತಾಡುತ್ತದೆಂದು ರಜನಿ ತಲೆ ತಗ್ಗಿಸಿ ಹೇಳಿದರು. ಮೆಕ್ಯಾನಿಕ್, ಬಣ್ಣದವನು, ಬೆಸುಗೆಯವರು, ರ್‍ಯಾಲಿಯ ಗೆಳೆಯರು, ಎಲ್ಲರಿಗೂ ಗೊತ್ತು.

ಶೆಡ್ಡಿನೊಳಗೆ ಕಾರು ಇರಲಿಲ್ಲ, ಆದರೆ ಕಾರಿನದೇ ಕೆಲವು ವಸ್ತುಗಳಿದ್ದವು. ಗೋಡೆಯ ಪಕ್ಕದ ಮರದ ಹಲಗೆಯ ಮೇಲೆ ಬ್ಯಾಟರಿ. ಕಪಾಟಿನಲ್ಲಿ ರೇಸಿನ ಎರಡು ಸೀಟು. ಅವುಗಳ ಮೇಲೆ ಎದೆಗೂ ಸೊಂಟಕ್ಕೂ ಕಟ್ಟುವ ಅಗಲದ ಬೆಲ್ಟುಗಳು, ಒಗೆದ ಪಂಚೆಯಲ್ಲಿ ಬಾಣಂತಿ ಮನೆಯ ಕೂಸಿನಂತೆ ಸುತ್ತಿಟ್ಟವು. ಮೂಲೆಯಲ್ಲಿ ಮುಚ್ಚಳ ಬಿಗಿದ ಪ್ಲಾಸ್ಟಿಕ್ ಡಬ್ಬಿ. ಅದರ ತುಂಬ ಟ್ಯಾಂಕಿನಿಂದ ಇಳಿಸಿದ ಪೆಟ್ರೋಲು.

"ಇವೆಲ್ಲ ಕಾರಿನೊಳಗೇ ಇದ್ವಾ?"

"ಇದ್ವು ಸರ್. ಸೋಮವಾರ ನಾನೇ ನೋಡಿ ಬೀಗ ಹಾಕಿದೀನಿ. ಆ ಸೀಟುಗಳು ವಿದೇಶದ್ದು. ಇಡೀ ಕಾರಿಗಿಂತ ಅವಕ್ಕೇ ಬೆಲೆ ಜಾಸ್ತಿ."

ರಮಣಭಾಯ್ ನಕ್ಕ. "ಸಾಹೇಬ್, ಇವನು ಬಾಳೆಹಣ್ಣು ಬಿಟ್ಟು ಸಿಪ್ಪೆ ಹೊತ್ತುಕೊಂಡು ಹೋದವನು."

ಅಕ್ಕಪಕ್ಕದಲ್ಲಿ ವಿಚಾರಿಸಿದರೆ ಯಾರೂ ಏನೂ ಕಂಡಿರಲಿಲ್ಲ. ಮಂಗಳವಾರ ಹಗಲಿಡೀ ಓಣಿಯವರೆಲ್ಲ ಮಾಳಿಗೆಯ ಮೇಲೆ. ಕಣ್ಣು ಆಕಾಶದಲ್ಲಿ, ಬಾಯಲ್ಲಿ ಚಿಕ್ಕಿ, ಕಿವಿಯಲ್ಲಿ ಧ್ವನಿವರ್ಧಕ. ಉತ್ತರಾಯಣದ ದಿನ ಈ ಊರಲ್ಲಿ ಬೀದಿ ನೋಡುವವರು ದನಗಳು ಮಾತ್ರ. ಒಬ್ಬ ಅಜ್ಜಿ ಮಾತ್ರ, ಹನ್ನೊಂದರ ಹೊತ್ತಿಗೆ ನೀಲಿ ತಾಡಪಾಲು ಹೊದ್ದ ದೊಡ್ಡದೇನನ್ನೋ ಹೊತ್ತ ಟೆಂಪೊ ಹೋಯಿತು, ಅದಕ್ಕೆ ನಮ್ಮ ಗಾಳಿಪಟದ ದಾರ ಸಿಕ್ಕಿ ಹರಿಯಿತು ಎಂದು ದೂರಿದಳು. ಅವಳಿಗೆ ದುಃಖ ಗಾಳಿಪಟದ್ದು.

ಸಂಜೆ 4 ಗಂಟೆಗೆ ಯಶವಂತ್ ಪವಾರ್ ಎಂಬವನನ್ನು ಠಾಣೆಗೆ ಕರೆಸಿದರು. ಅವನದೂ ಹಳೆಯ ಕಾರು ಕಟ್ಟಿ ಓಡಿಸುವ ಹವ್ಯಾಸ. ದೀಪಾವಳಿಯಲ್ಲಿ ರಜನಿಯವರ ಎಸ್ಟೀಮ್ ಕೊಳ್ಳಲು ಎರಡು ಸಲ ಕೇಳಿದ್ದ.

"ಮಂಗಳವಾರ ಎಲ್ಲಿದ್ದೆ?"

"ಮಾವನ ಮನೆ ಮಾಳಿಗೆ ಮೇಲೆ. ನಲವತ್ತು ಜನ ಸಾಕ್ಷಿ ಇದಾರೆ, ಮಾವನೊಬ್ಬ ಸಾಲದೇ?"

"ಆ ಕಾರಿನ ಮೇಲೆ ನಿಂಗೆ ಆಸೆ ಇತ್ತಲ್ಲ."

"ಆಸೆ ಇತ್ತು ಸಾಹೇಬ್. ಆದ್ರೆ ನಾನು ಕದ್ದಿದ್ರೆ ಆ ಸೀಟೂ ಬೆಲ್ಟೂ ಬಿಟ್ಟು ಹೋಗ್ತಿದ್ನಾ? ನಮ್ಮವರು ಯಾರೂ ಬಿಡಲ್ಲ." ಹೊರಡಲು ಎದ್ದವನು ಮತ್ತೆ ಹೇಳಿದ, "ಭಾನುವಾರಕ್ಕೆ ರಜನಿಬೆನ್‌ಗೆ ನನ್ನ ಎರಡನೇ ಗಾಡಿ ಕೊಡ್ತೀನಿ ಅಂತ ತಿಳಿಸಿ. ಬ್ರೇಕು ಸ್ವಲ್ಪ ಎಡಕ್ಕೆ ಎಳೀತದೆ, ಅಷ್ಟೇ."

ಅವನನ್ನು ಕಳಿಸಿದರು.

ಜನವರಿ 16, ಗುರುವಾರ, ಬೆಳಿಗ್ಗೆ 10 ಗಂಟೆ. ಠಾಣೆಯ ಬೊಲೆರೊ ಜೀಪಿನ ಹಿಂದಿನ ಮೆಟ್ಟಿಲು ಕಿತ್ತು ತಿಂಗಳಾಗಿತ್ತು. ಅದಕ್ಕೆ ಬೆಸುಗೆ ಹಾಕಲು ಬಾಬುಭಾಯ್ ಎಂಬ ವೆಲ್ಡರ್ ಬಂದಿದ್ದ. ಹೆಬ್ಬಳ್ಳಿ ಚಹದ ಲೋಟ ಹಿಡಿದು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಬಾಬುಭಾಯ್ ಬಾನೆಟ್ ಎತ್ತಿ ಬ್ಯಾಟರಿ ಬಿಚ್ಚಿ ಕೆಳಗೆ ಒಂದು ಹಲಗೆಯ ಮೇಲಿಟ್ಟ. ಆಮೇಲೆ ಹಿಂದಿನ ಸೀಟು ಬಿಚ್ಚಿ ಬೇವಿನ ಮರದ ಬುಡಕ್ಕೆ ಒಯ್ದು, ತನ್ನ ಹೆಗಲ ಮೇಲಿನ ವಸ್ತ್ರ ಹೊದಿಸಿದ.

ಹೆಬ್ಬಳ್ಳಿಯವರ ಚಹ ಲೋಟದಲ್ಲೇ ಉಳಿಯಿತು. ಅಂಗಳಕ್ಕೆ ಇಳಿದು ಬಂದರು.

"ಮೆಟ್ಟಿಲಿಗೆ ಬೆಸುಗೆ ಹಾಕೋದಕ್ಕೆ ಬ್ಯಾಟರಿ ಯಾಕೆ ತೆಗೆದೆ?"

"ತೆಗೀದಿದ್ರೆ ಕರೆಂಟು ವೈರಿಂಗಿಗೆ ಹೋಗಿ ಎಲ್ಲ ಸುಡ್ತದೆ ಸಾಹೇಬ್."

"ಸೀಟು?"

"ಕಿಡಿ ಬಿದ್ರೆ ತೂತು. ದೊಡ್ಡ ಕೆಲಸ ಆಗಿದ್ರೆ ಟ್ಯಾಂಕಿನ ಪೆಟ್ರೋಲು ಡೀಸೆಲ್ಲೂ ಇಳಿಸ್ಬೇಕು. ನಮ್ಮ ಉಸ್ತಾದ ಅದನ್ನೇ ಮೊದಲು ಕಲಿಸೋದು, ಬೆಂಕಿ ಹಚ್ಚೋದು ಆಮೇಲೆ."

ಹೆಬ್ಬಳ್ಳಿ ರಜನಿಯವರಿಗೆ ಫೋನ್ ಮಾಡಿದರು. "ನಿಮ್ಮ ಪಂಜರಕ್ಕ ಬೆಸುಗಿ ಹಾಕಿದವರು ಯಾರ್ರೀ?"

"ಗಣಪತಿ ಕಾಕಾ. ಬಡಿಗೇರ್ ಅಂತ, ಬೈಲಹೊಂಗಲದ ಕಡೆಯವರು. ಸೂರತ್‌ನಲ್ಲಿ ನಲವತ್ತು ವರ್ಷ ಬಾಯ್ಲರ್ ವೆಲ್ಡರ್ ಆಗಿದ್ದೋರು. ಯಾಕೆ ಸರ್? ಅವರಿಗೆ ಹೋದ ತಿಂಗಳು ಕಣ್ಣಿನ ಪೊರೆ ಆಪರೇಷನ್ ಆಗಿದೆ, ಮಗಳ ಮನೇಲಿ ಮಲಗಿದಾರೆ."

"ಕಾರು ತಗೊಂಡು ಹೋದವರು ಅದನ್ನ ಬೆಂಕಿ ಕೆಲಸಕ್ಕ ಸಜ್ಜು ಮಾಡ್ಯಾರ್ರಿ. ಬ್ಯಾಟರಿ, ಸೀಟು, ಪೆಟ್ರೋಲು. ಅದಕ್ಕ ಕೇಳಿದೆ."

ಆ ಕಡೆ ಬ್ಯಾಂಕಿನಲ್ಲಿ ಟೋಕನ್ ಕೂಗುವ ಸದ್ದು ಕೇಳಿಸಿತು.

"ಬೆಲ್ಟನ್ನ ಪಂಚೇಲಿ ಸುತ್ತಿಡ್ತಿದ್ದೋರು ಅವರೇ," ಎಂದರು ರಜನಿ ಮೆಲ್ಲಗೆ. "ಪ್ರತಿ ಸಲ. ನಂಗೆ ನಿನ್ನೆ ಹೊಳೀಲಿಲ್ಲ. ಆದ್ರೆ ಅವರು ಕದಿಯೋರಲ್ಲ ಸರ್. ಅವರ ಕೈ ಬೆಸುಗೆ ಅಂದ್ರೆ ಅಮ್ಮನ ಕೈ ಹೋಳಿಗೆ ಅಂಚು ಇದ್ದಂಗೆ."

12 ಗಂಟೆ 15ಕ್ಕೆ ಹೆಬ್ಬಳ್ಳಿ ಮತ್ತು ಜಾಗೃತಿಬೆನ್ ಗಣಪತಿಯವರ ಮಗಳ ಮನೆಗೆ ಹೋದರು. ಮಗಳ ಹೆಸರು ಕಾಮಾಕ್ಷಿ. ಪೊಲೀಸರನ್ನು ಕಂಡವಳೇ ಬಾಗಿಲ ಚೌಕಟ್ಟು ಹಿಡಿದಳು.

"ಅಪ್ಪಗ ಏನಾರ ಆತೇನ್ರಿ?"

"ಏನೂ ಆಗಿಲ್ಲವ್ವ. ಎಲ್ಲಿ ಅದಾರ?"

"ಹಬ್ಬದ ದಿನ ಮುಂಜಾನಿ ಸೂರತ್ತಿಗೆ ಹೋದ್ರು. ಹಳೇ ಮಿಲ್ಲಿನವರನ್ನ ಕಂಡು ಶನಿವಾರ ಬರ್ತೀನಿ ಅಂದಾರ. ಬ್ಯಾಡ ಅಂದ್ರ ಕೇಳಲಿಲ್ಲ. ಹೋಗೂ ಮೊದ್ಲ ನಾಕು ದಿನ ಊಟಾನೂ ಸರಿ ಮಾಡ್ತಿದ್ದಿಲ್ಲ. ಬರೇ ಗ್ವಾಡಿ ನೋಡ್ಕೋತ ಕೂಡ್ತಿದ್ರು." ಒಳಗೆ ಹೋಗಿ ಒಂದು ಸಣ್ಣ ಸೀಸೆ ತಂದಳು. "ಕಣ್ಣಿನ ಹನಿ ಇಲ್ಲೇ ಬಿಟ್ಟು ಹೋಗ್ಯಾರ. ದಿನಕ್ಕ ನಾಕು ಸಲ ಹಾಕ್ಬೇಕು. ನಿಮಗ ಸಿಕ್ರ ಕೊಡ್ರಿ ಸಾಹೇಬ್ರ."

ಹೆಬ್ಬಳ್ಳಿ ಸೀಸೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಜಪ್ತಿಯ ವಸ್ತುವೆಂದು ಬರೆಯಲಿಲ್ಲ.

ಮಧ್ಯಾಹ್ನ 3 ಗಂಟೆಗೆ ಸೂರತ್ ಹೆದ್ದಾರಿಯಲ್ಲಿ ಕರ್ಜಣ ಬಳಿಯ ಟೋಲಿನ ಕ್ಯಾಮೆರಾ ಚಿತ್ರಗಳು ಬಂದವು. ಜನವರಿ 14, 12 ಗಂಟೆ 8 ನಿಮಿಷ. ನೀಲಿ ತಾಡಪಾಲಿನ ಟೆಂಪೊ, ಕನ್ನಡಿಗೆ ಸಿಕ್ಕಿದ ಗಾಳಿಪಟದ ದಾರ ಇನ್ನೂ ಹಾರಾಡುತ್ತಿತ್ತು. ಚಾಲಕನ ಪಕ್ಕ ಕಪ್ಪು ಕನ್ನಡಕದ ಮುದುಕ. ನಂಬರಿನ ಜಾಡು ಹಿಡಿದರೆ ಟೆಂಪೊ ಸೂರತ್‌ನ ಪಾಂಡೇಸರಾದ ಒಂದು ಬಟ್ಟೆಬಣ್ಣದ ಮಿಲ್ಲಿನದು.

ಜನವರಿ 17, ಶುಕ್ರವಾರ. ಬೆಳಿಗ್ಗೆ 7 ಗಂಟೆಗೆ ಹೆಬ್ಬಳ್ಳಿ, ರಮಣಭಾಯ್, ಜಾಗೃತಿಬೆನ್ ಹೊರಟರು. ಪಾಂಡೇಸರಾ ಠಾಣೆಗೆ ತಿಳಿಸಿ, ಇಬ್ಬರು ಪಂಚರನ್ನು ಕರೆದುಕೊಂಡು, 10 ಗಂಟೆ 50ಕ್ಕೆ ಆ ಮಿಲ್ಲಿನ ಹಿಂದಿನ ದುರಸ್ತಿ ಶೆಡ್ಡಿಗೆ ಹೋದರು. ಹೊರಗಿನ ಚರಂಡಿಯಲ್ಲಿ ಆವತ್ತಿನ ಬಣ್ಣ ಗುಲಾಬಿ.

ಎಸ್ಟೀಮ್ ಒಳಗಿತ್ತು. ನಾಲ್ಕು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಮೇಲಿನ ಹಳದಿ ಬಣ್ಣಕ್ಕೆ ಒದ್ದೆ ಗೋಣಿಚೀಲ ಹೊದಿಸಿದ್ದರು. ನಲವತ್ತರ ಆಸುಪಾಸಿನ ವೆಲ್ಡರ್ ಒಬ್ಬ ಕಾರಿನೊಳಗೆ ತೂರಿ ಕೂತಿದ್ದ. ಹೊರಗೆ ಸ್ಟೂಲಿನ ಮೇಲೆ ಕಪ್ಪು ಕನ್ನಡಕದ ಮುದುಕ, ಬೆಂಕಿಗೆ ಬೆನ್ನು ತಿರುಗಿಸಿ, ಕೈಯಲ್ಲಿ ಸೀಮೆಸುಣ್ಣ ಹಿಡಿದು ಕೂತಿದ್ದರು. ಬೂಟಿನ ಸದ್ದು ಕೇಳಿ ತಿರುಗಿದರು.

"ಬಂದ್ರಿ?" ಎಂದರು ಮರಾಠಿ, ಗುಜರಾತಿ ಯಾವುದೂ ಅಲ್ಲದೆ ನೆಟ್ಟಗೆ ಕನ್ನಡದಲ್ಲಿ. ಎದೆಯ ಮೇಲಿನ ಹೆಸರಿನ ಪಟ್ಟಿ ಓದಿಕೊಂಡಿದ್ದರು. "ಹೆಬ್ಬಳ್ಳಿ ಅಂದ್ರ ಧಾರವಾಡದ ಕಡೀವ್ರು. ನಾ ಶನಿವಾರ ಸಂಜಿಕ ಗಾಡಿ ಇದ್ದಲ್ಲೇ ಇಟ್ಟು ಬರಾವ ಇದ್ದೆ ಸಾಹೇಬ್ರ. ಅಲ್ಲೀಮಟ ರಜನಿ ಬಾಯಾರು ಶೆಡ್ ತಗಿಯಂಗಿಲ್ಲ ಅಂದಿದ್ರು."

"ಮಗಳು ಗ್ಲೌಸ್ ತರಾಕ ಹೋಗಿದ್ಲು ಕಾಕಾ."

"ಹಂಗನ್ರಿ." ಮುದುಕರು ನಿಟ್ಟುಸಿರು ಬಿಟ್ಟರು. "ಎಲ್ಲಾ ಲೆಕ್ಕ ಹಾಕಿದ್ದೆ. ಹುಡುಗ್ಯಾರು ಸಾಮಾನು ಮರೀತಾರ ಅನ್ನೋದು ಬಿಟ್ಟಿದ್ದೆ."

"ಯಾಕ ತಂದ್ರಿ ಗಾಡೀನ?"

ಗಣಪತಿ ಎದ್ದು ಹೋಗಿ ಮೇಜಿನ ಮೇಲಿಂದ ಗೇಣುದ್ದದ ಒಂದು ತುಂಡು ತಂದರು. ಎರಡು ಕೊಳವೆ ಕೂಡುವ ಜಾಗ, ಪಂಜರದಿಂದ ಕೊಯ್ದದ್ದು. ಮೇಲೆ ಹಳದಿ ಬಣ್ಣ, ನೋಡಲು ಲಕ್ಷಣವಾಗಿತ್ತು. ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು ಕೊಟ್ಟರು. ಹಪ್ಪಳ ಮುರಿದ ಹಾಗೆ ಎರಡಾಯಿತು.

ಜಾಗೃತಿಬೆನ್‌ಳ ಮೊಬೈಲ್ ಮುರಿದ ತುಂಡಿನ ಹತ್ತಿರ ಬಂತು.

"ಇದು ನನ್ನ ಬೆಸುಗಿರಿ," ಎಂದರು ಗಣಪತಿ. "ಮಳಿಗಾಲದಾಗ ಹಾಕಿದ್ದು. ಆಗ ಎರಡೂ ಕಣ್ಣಿಗೆ ಪೊರಿ. ನಂಗ ಅದು ಪೊರಿ ಅಂತ ಗೊತ್ತಿದ್ದಿಲ್ಲ, ಗಾಜು ಹೊಲಸಾಗೈತಿ ಅಂತ ಮುಖವಾಡದ ಗಾಜು ಒರಸ್ಕೋತಿದ್ದೆ. ಕೆಳಗಿನ ಬೆಸುಗಿ ಅಭ್ಯಾಸದ ಮ್ಯಾಲ ಬಂದಾವ. ಮಾಡಿಗೆ ಹತ್ತಿದ ಎಂಟು ಅದಾವಲ್ರಿ, ಅವು ಕಣ್ಣಿಲ್ದ ಬರಂಗಿಲ್ಲ. ಮ್ಯಾಲ ಹಾಲಿನ ಕೆನಿ ಗತೆ ಕುಂತಾವ, ಒಳಗ ಹೋಗಿಲ್ಲ. ಆಪರೇಷನ್ ಆದ ಮ್ಯಾಲ, ಹೋದ ಶುಕ್ರವಾರ, ಗಾಡಿ ನೋಡೂಣು ಅಂತ ಹೋದೆ. ನಲವತ್ತು ವರ್ಷ ಮಂದೀ ಕೆಲಸದಾಗ ಹುಳುಕು ನೋಡಿದ ಕಣ್ಣು. ನಂದು ನಂಗ ಕಾಣಿಸ್ತು."

"ಬಾಯಾರಿಗೆ ಹೇಳಬಹುದಿತ್ತಲ್ಲ?"

"ಹೇಳಿದ್ರ ಅವರು ಬೈತಿದ್ದಿಲ್ಲ ಸಾಹೇಬ್ರ. ಬೈದಿದ್ರ ಹೇಳ್ತಿದ್ದೆ. 'ಇರ್ಲಿ ಬಿಡ್ರಿ ಕಾಕಾ, ಈ ಸಲ ರ್‍ಯಾಲಿ ಬ್ಯಾಡ' ಅಂತ ನಗ್ತಿದ್ರು. ಎರಡು ವರ್ಷದ ಭಾನುವಾರ ನನ್ನಿಂದ ಹೋದಂಗಾಕ್ಕಿತ್ತು. ಅದನ್ನ ಕೇಳಾಕ ನಂಗ ಧೈರ್ಯ ಇದ್ದಿಲ್ಲ. ಹಂಗಂತ ಸುಮ್ನ ಕೂಡಾಕೂ ಆಗ್ಲಿಲ್ಲ. ತಾಯಿ ಮಗಳು ಇಬ್ರೂ ಅದರಾಗ ಕೂಡವ್ರು."

ಕಾರಿನೊಳಗಿದ್ದ ವೆಲ್ಡರ್ ಹೊರಗೆ ಬಂದ. ಅವನ ಹೆಸರು ಶ್ರೀನಿವಾಸ, ಗಣಪತಿಯವರ ಹಳೆಯ ಶಿಷ್ಯ, ಈಗ ಮಿಲ್ಲಿನ ಮುಖ್ಯ ವೆಲ್ಡರ್. ಕೆಲಸವನ್ನು ಅವನೇ ವಿವರಿಸಿದ. ಮಾಡಿಗೆ ಅಂಟಿದ ಕೊಳವೆಯ ಮೇಲ್ಭಾಗಕ್ಕೆ ಬೆಂಕಿ ತಲುಪುವುದಿಲ್ಲ. ಅದಕ್ಕೆ ಕಾರಿನ ನೆಲಕ್ಕೆ ತೂತು ಕೊರೆದು, ಇಡೀ ಪಂಜರವನ್ನು ಒಂದು ಗೇಣು ಕೆಳಗಿಳಿಸಿ, ಸುತ್ತಲೂ ಬೆಸುಗೆ ಹಾಕಿ, ಮತ್ತೆ ಮೇಲಕ್ಕೆ ಎತ್ತಿ ಬಿಗಿಯಬೇಕು.

"ಕಾಕಾಗೆ ಡಾಕ್ಟರು ಬೆಂಕಿ ನೋಡಬೇಡ ಅಂದಿದಾರೆ. ಅದಕ್ಕೆ ಅವರು ಸುಣ್ಣದಲ್ಲಿ ಗುರುತು ಹಾಕೋದು, ನಾನು ಬೆಸುಗೆ ಹಾಕೋದು. ಮೂರು ಸಲ ನನ್ನ ಬೆಸುಗೆ ಒಡೆಸಿದ್ರು ಸರ್. ಚಿಕ್ಕವನಿದ್ದಾಗ ಕಪಾಳಕ್ಕೂ ಬೀಳ್ತಿತ್ತು, ಈಗ ಬರೀ ಬೈಗುಳ."

"ಎಷ್ಟು ಆಗಿದಾವೆ?"

"ಏಳು. ಒಂದು ಉಳಿದಿದೆ."

ಹೆಬ್ಬಳ್ಳಿ ಕಾರಿನ ಸುತ್ತ ಒಂದು ಸುತ್ತು ಬಂದರು. ಕಳವಿನ ಮಾಲು ಸಿಕ್ಕಿದೆ. ಇದ್ದ ಹಾಗೇ ಜಪ್ತಿ ಮಾಡಿ ಒಯ್ಯಬೇಕು. ಹಾಗೆ ಒಯ್ದರೆ ಏಳು ಬೆಸುಗೆಯ ಪಂಜರ ಭಾನುವಾರದ ಓಟಕ್ಕೆ ಬರುವುದಿಲ್ಲ. ಅವರು ರಜನಿಯವರಿಗೆ ಫೋನ್ ಹಚ್ಚಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿ, ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟರು.

"ಗಾಡಿ ನಿಮ್ಮದು. ಎಂಟನೇದು ಹಾಕ್ಲೋ ಬ್ಯಾಡೋ, ಪಂಚರ ಮುಂದ ನೀವ ಹೇಳ್ರಿ."

ರಜನಿಯವರ ದನಿ ಏರಿತು.

"ಗಣಪತಿ ಕಾಕಾ! ನಿಮಗೆ ಬುದ್ಧಿ ಇದೆಯಾ? ಮೂರು ದಿನದಿಂದ ನನ್ನ ಗಂಟಲಲ್ಲಿ ಅನ್ನ ಇಳಿದಿಲ್ಲ! ಆಪರೇಷನ್ ಆದ ಕಣ್ಣಿಟ್ಕೊಂಡು ಟೆಂಪೋದಲ್ಲಿ ಸೂರತ್ತಿಗೆ ಹೋಗ್ತಾರಾ ಯಾರಾದ್ರೂ? ಕಾಮಾಕ್ಷಿ ಗತಿ ಏನಾಗ್ಬೇಕು? ಬನ್ನಿ ನೀವು ಇಲ್ಲಿಗೆ, ಮಾಡ್ತೀನಿ!"

ಗಣಪತಿಯವರ ಮುಖ ಮೊದಲ ಸಲ ಸಡಿಲವಾಯಿತು. "ಬೈದ್ರು," ಎಂದು ಶ್ರೀನಿವಾಸನ ಕಡೆ ನೋಡಿದರು, ಹಬ್ಬದ ಉಡುಗೊರೆ ಸಿಕ್ಕವರ ಹಾಗೆ.

"ಎಂಟನೇದೂ ಹಾಕಿ," ಎಂದಿತು ಫೋನು. "ಗಟ್ಟಿಯಾಗಿ ಹಾಕಿ."

ಮಾಲೀಕರ ಸೂಚನೆಯಂತೆ ಕೊನೆಯ ಬೆಸುಗೆ ಹಾಕಿ ಪಂಜರ ಬಿಗಿಯಲಾಯಿತು ಎಂದು ಜಪ್ತಿ ಪಂಚನಾಮೆಯಲ್ಲಿ ದಾಖಲಾಗಿದೆ. ಪಂಚನಾಮೆ ಬರೆಯಲು ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ರಮಣಭಾಯ್‌ನ ಬೆರಳು ನೋಯುತ್ತಿತ್ತು, ನಡುವೆ ಎರಡು ಸಲ ಚಹ ಬಂತು. ಮುರಿದ ತುಂಡುಗಳನ್ನು ಚೀಲದಲ್ಲಿ ಹಾಕಿ ಮೊಹರು ಒತ್ತಿದರು.

"ಇದು ಏಳು ವರ್ಷದೊಳಗಿನ ಶಿಕ್ಷೆಯ ಕಲಮು ಕಾಕಾ," ಎಂದರು ಹೆಬ್ಬಳ್ಳಿ. "ನೋಟಿಸ್ ಕೊಟ್ಟು ಬಿಡಬಹುದು. ಹಿಡಿಯಲೇಬೇಕು ಅಂತಿಲ್ಲ."

"ಹಿಡೀರಿ ಸಾಹೇಬ್ರ." ಗಣಪತಿ ಎರಡೂ ಕೈ ಮುಂದೆ ಚಾಚಿದರು. "ಹೊಲಸು ಬೆಸುಗಿ ಹಾಕಿದ್ದಕ್ಕ ನಿಮ್ಮ ಪುಸ್ತಕದಾಗ ಕಲಮು ಇಲ್ಲ. ಇದಕ್ಕ ಐತಿ. ಒಂದಕ್ಕಾದ್ರೂ ಕಾಗದ ಆಗ್ಲಿ."

ಮಧ್ಯಾಹ್ನ 2 ಗಂಟೆ 5 ನಿಮಿಷಕ್ಕೆ ದಸ್ತಗಿರಿ. ಬೇಡಿ ಹಾಕಲಿಲ್ಲ. ಕಾಮಾಕ್ಷಿಗೆ ಫೋನಿನಲ್ಲಿ ತಿಳಿಸಿದರು. ಹೊರಡುವ ಮೊದಲು ಹೆಬ್ಬಳ್ಳಿ ಜೇಬಿನ ಸೀಸೆ ತೆಗೆದು, ಮುದುಕರನ್ನು ಸ್ಟೂಲಿನ ಮೇಲೆ ಕೂರಿಸಿ ತಲೆ ಹಿಂದಕ್ಕೆ ವಾಲಿಸಿ ಕಣ್ಣಿಗೆ ಹನಿ ಹಾಕಿದರು. ಆ ರಾತ್ರಿಯ ಠಾಣಾ ದಿನಚರಿಯಲ್ಲಿ ಊಟದ ವೇಳೆಯ ಕೆಳಗೆ ಜಾಗೃತಿಬೆನ್‌ಳ ಅಕ್ಷರದಲ್ಲಿ ಹೀಗಿದೆ: "6.00, ಆರೋಪಿಯ ಎರಡೂ ಕಣ್ಣಿಗೆ ಹನಿ. 10.00, ಹನಿ. ಆರೋಪಿ ಲಾಕಪ್ಪಿನ ಬಾಗಿಲಿನ ಬೆಸುಗೆ ಸರಿಯಿಲ್ಲ ಎಂದು ತಿಳಿಸಿದ್ದಾರೆ."

ಶನಿವಾರ ಬೆಳಿಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು. ರಜನಿ ತಮ್ಮ ತಕರಾರಿಲ್ಲವೆಂದು ಬರೆದುಕೊಟ್ಟರು. ರಾಜಿಯ ಅರ್ಜಿಗೆ ಮುಂದಿನ ತಾರೀಖು ಸಿಕ್ಕಿತು. ಆರೋಪಿಗೆ ಜಾಮೀನು, ಕಾರು ಮುಚ್ಚಳಿಕೆಯ ಮೇಲೆ ಮಾಲೀಕರಿಗೆ. ಕೇಳಿದಾಗ ಹಾಜರುಪಡಿಸಬೇಕು ಎಂಬ ಷರತ್ತು. ಸಂಜೆಯೊಳಗೆ ಪಂಚೆಯಿಂದ ಬೆಲ್ಟು ಬಿಚ್ಚಿ, ಸೀಟು ಕೂರಿಸಿ, ಬ್ಯಾಟರಿ ಜೋಡಿಸಿದರು. ಯಶವಂತನೂ ಬಂದು ಸ್ಪ್ಯಾನರ್ ಹಿಡಿದ.

ಭಾನುವಾರ ಹಾಲೋಲಿನ ಮಣ್ಣಿನ ಹಾದಿಯಲ್ಲಿ ಇಪ್ಪತ್ತೆರಡು ಕಾರು ಓಡಿದವು. ಹಳದಿ ಎಸ್ಟೀಮ್ ಹದಿನಾಲ್ಕನೆಯದು. ಮಹಿಮಾ ಒಂದು ಕಡೆ ಎಡಕ್ಕೆ ಅನ್ನುವಲ್ಲಿ ಬಲಕ್ಕೆ ಅಂದಳಂತೆ. ಅದೊಂದು ಇಲ್ಲದಿದ್ದರೆ ಹನ್ನೆರಡನೆಯದಾಗುತ್ತಿತ್ತು ಎಂದು ತಾಯಿ, ಹತ್ತನೆಯದು ಎಂದು ಮಗಳು. ಕಾರು ಮಗುಚಲಿಲ್ಲ, ಪಂಜರಕ್ಕೆ ಕೆಲಸ ಬೀಳಲಿಲ್ಲ. ಬೇಲಿಯ ಪಕ್ಕ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದವರಿಗೆ ಅಷ್ಟೇ ಬೇಕಾಗಿತ್ತು.

ಸೋಮವಾರ ಹೆಬ್ಬಳ್ಳಿ ಪ್ರಕರಣದ ದಿನಚರಿ ಪೂರ್ತಿ ಮಾಡಲು ಕೂತರು. ದೂರು, ಪಂಚನಾಮೆ, ಟೋಲು, ಜಪ್ತಿ, ದಸ್ತಗಿರಿ, ಎಲ್ಲ ಸರಾಗವಾಗಿ ಬಂದವು. ಉದ್ದೇಶ ಎಂಬಲ್ಲಿ ಪೆನ್ನು ನಿಂತಿತು. ಲಾಭ ಎಂದು ಬರೆಯುವಂತಿಲ್ಲ, ದ್ವೇಷವೂ ಇಲ್ಲ. ಕೊನೆಗೆ ಒಂದೇ ಸಾಲು ಬರೆದು ರಮಣಭಾಯ್ ಕಡೆ ಸರಿಸಿದರು.

ರಮಣಭಾಯ್ ಗಟ್ಟಿಯಾಗಿ ಓದಿದ. "ಡಿಸೆಂಬರ್ 20ರಂದು ಆರೋಪಿಯ ಕಣ್ಣಿನ ಪೊರೆ ತೆಗೆಯಲಾಯಿತು." ಕಾಗದ ತಿರುಗಿಸಿ ಹಿಂದೆ ನೋಡಿದ. "ಮುಂದೆ, ಸಾಹೇಬ್?"

"ಅಷ್ಟೇ," ಎಂದು ಹೆಬ್ಬಳ್ಳಿ ರುಜು ಹಾಕಿದರು.